ಮಗುವನ್ನು ಯಾರ ಕೈಗೆ ಒಪ್ಪಿಸುವುದು? ಅಜ್ಜಿ-ತಾತ, ನ್ಯಾನಿ, ಡೇಕೇರ್‌ಗಳ ಹೋಲಿಕೆ

ಕೆಲಸಕ್ಕೆ ಮರಳುವ ದಿನ ಹತ್ತಿರ ಬಂತೆಂದರೆ ಅಪ್ಪ-ಅಮ್ಮಂದಿರ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತದೆ. ಮಗುವನ್ನು ಮನೆಯಲ್ಲೇ ಯಾರಾದರೂ ನೋಡಿಕೊಳ್ಳಲಿ ಅನ್ನುವುದಾ, ಡೇಕೇರ್‌ಗೆ ಬಿಡುವುದಾ? ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ಹೇಳುವವರ ಮಗುವಿನ ವಯಸ್ಸು ಬೇರೆ, ಮನೆಯ ಪರಿಸ್ಥಿತಿ ಬೇರೆ. ಹಾಗಾಗಿ ಆ ಮಾತು ನಮಗೆ ನೇರವಾಗಿ ಹೊಂದುವುದಿಲ್ಲ. ಆರು ತಿಂಗಳ ಕೂಸಿಗೆ ಒಪ್ಪುವ ಏರ್ಪಾಡು ಮೂರು ವರ್ಷದ ಮಗುವಿಗೆ ಸಾಲದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜಾಗ ಯಾವುದು ಅನ್ನುವುದಕ್ಕಿಂತ ಅಲ್ಲಿ ಮಗುವಿಗೆ ಓಗೊಡುವವರು ಯಾರು ಅನ್ನುವುದು ದೊಡ್ಡ ವಿಷಯ. ಮಗು ದನಿ ಮಾಡಿದರೆ ಯಾರು ತಿರುಗಿ ನೋಡುತ್ತಾರೆ? ನಾಳೆಯೂ ಅದೇ ಮುಖ ಇರುತ್ತದಾ? ಅವರ ಕೈಯಲ್ಲಿ ಇನ್ನೆಷ್ಟು ಮಕ್ಕಳಿವೆ? ಇಷ್ಟು ಕೇಳಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲು ನೋಡಬೇಕಾದದ್ದು

ಮಗು "ಆ" ಅನ್ನುತ್ತದೆ. ನೋಡಿಕೊಳ್ಳುವವರು ಅದರ ಮುಖ ನೋಡಿ "ಆ? ಹೌದಾ?" ಅನ್ನುತ್ತಾರೆ. ಮಗು ನಗುತ್ತದೆ, ಮತ್ತೆ "ಆ" ಅನ್ನುತ್ತದೆ. ಚೆಂಡು ಎಸೆದು ಹಿಡಿಯುವ ಆಟದ ಹಾಗೆ ಇದು ಇಬ್ಬರ ನಡುವೆ ಹೋಗಿ ಬಂದು ಮಾಡುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆ ಕೇಂದ್ರ ವರ್ಷಗಳಿಂದ ಒತ್ತಿ ಹೇಳುತ್ತಿರುವುದೂ ಇದನ್ನೇ. ಮೊದಲ ಕೆಲವು ವರ್ಷಗಳಲ್ಲಿ ಮಿದುಳಿನಲ್ಲಿ ಪ್ರತಿ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಹೊಸ ನರಸಂಪರ್ಕಗಳು ಹುಟ್ಟುತ್ತವೆ ಎಂದು ಅವರು ಹೇಳುತ್ತಾರೆ. ಅವುಗಳಲ್ಲಿ ಬಳಕೆಗೆ ಬಂದದ್ದು ಗಟ್ಟಿಯಾಗುತ್ತದೆ, ಬಳಸದೇ ಇದ್ದದ್ದು ಉದುರಿಹೋಗುತ್ತದೆ. ಬಳಕೆ ಆಗುವುದು ಇಂಥ ಪುಟ್ಟ ಪುಟ್ಟ ಮಾತುಕತೆಯಲ್ಲೇ.

ಪೆಟ್ರಿಷಿಯಾ ಕೂಲ್ ಎಂಬ ವಿಜ್ಞಾನಿ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಒಂಬತ್ತು ತಿಂಗಳ ಅಮೆರಿಕದ ಕೂಸುಗಳ ಜೊತೆ ಚೀನೀ ಭಾಷೆಯವರು ಎದುರಿಗೆ ಕೂತು ಆಡಿದರು, ಪುಸ್ತಕ ಓದಿದರು. ಆ ಕೂಸುಗಳು ಚೀನೀ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತುಗಳನ್ನು ವಿಡಿಯೋದಲ್ಲಿ ತೋರಿಸಿದಾಗ ಬೇರೆ ಕೂಸುಗಳು ಏನೂ ಕಲಿಯಲಿಲ್ಲ. ಅಂದಮೇಲೆ "ನಮ್ಮಲ್ಲಿ ಕಲಿಕೆಯ ವಿಡಿಯೋ ಹಾಕುತ್ತೇವೆ" ಅನ್ನುವ ಜಾಗಕ್ಕಿಂತ, ಮಗುವಿನ ಎದುರು ಕೂತು ಮಾತಾಡುವ ಒಬ್ಬ ಸಾಮಾನ್ಯ ಮನುಷ್ಯ ಎಷ್ಟೋ ಮೇಲು, ಅಲ್ವಾ?

ಡೇಕೇರ್‌ಗೆ ಬಿಟ್ಟರೆ ಮಗು ನಮ್ಮಿಂದ ದೂರವಾಗುತ್ತದಾ ಎಂಬ ಭಯ ತುಂಬಾ ಜನರಿಗೆ ಇದೆ. ಅಮೆರಿಕದಲ್ಲಿ 1991ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ಹದಿಹರೆಯದವರೆಗೆ ನೋಡುತ್ತಾ ಹೋಯಿತು. ಅದರಲ್ಲಿ ಕಂಡದ್ದು ಹೀಗೆ: ಮಗುವಿನ ಬೆಳವಣಿಗೆಯ ಮೇಲೆ ಯಾವ ಡೇಕೇರ್, ಎಷ್ಟು ಹೊತ್ತು ಅನ್ನುವುದಕ್ಕಿಂತ ಅಪ್ಪ-ಅಮ್ಮ ಮತ್ತು ಮನೆಯ ಪ್ರಭಾವವೇ ಜಾಸ್ತಿ. ಹೊರಗಿನ ಆರೈಕೆ ಚೆನ್ನಾಗಿದ್ದ ಕಡೆ ಮಕ್ಕಳ ಮಾತು ಮತ್ತು ಕಲಿಕೆ ಸ್ವಲ್ಪ ಮುಂದಿತ್ತು. ವಾರಕ್ಕೆ ತುಂಬಾ ಗಂಟೆ ದೊಡ್ಡ ಗುಂಪಿನಲ್ಲಿ ಕಳೆದ ಮಕ್ಕಳಲ್ಲಿ ಹಟ, ಜಗಳ ಕೊಂಚ ಹೆಚ್ಚಿತ್ತು. ಆ ವ್ಯತ್ಯಾಸ ಸಣ್ಣದು. ಹೆದರಿ ಕೆಲಸ ಬಿಡುವಷ್ಟೂ ಅಲ್ಲ, ಕಣ್ಣುಮುಚ್ಚಿ ಯಾವುದೋ ಒಂದನ್ನು ಆರಿಸುವಷ್ಟೂ ಅಲ್ಲ.

ಅಜ್ಜಿ-ತಾತ ಅಥವಾ ಹತ್ತಿರದ ಸಂಬಂಧಿಕರು

ಇಲ್ಲಿನ ದೊಡ್ಡ ಲಾಭ ಮುಖ ಬದಲಾಗದೇ ಇರುವುದು. ಅಜ್ಜಿ ಮುಂದಿನ ತಿಂಗಳು ಕೆಲಸ ಬಿಟ್ಟು ಹೋಗುವುದಿಲ್ಲ. ಮಗುವಿನ ಮೇಲಿನ ಪ್ರೀತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವಿಗೆ ಹಾಡು, ಕಥೆ, ಮನೆಮಾತು ಎಲ್ಲ ಸುಮ್ನೆ ದಿನದ ಜೊತೆಗೇ ಸಿಗುತ್ತವೆ. ಅಜ್ಜಿ ಒಂದು ಭಾಷೆ, ಅಪ್ಪ-ಅಮ್ಮ ಇನ್ನೊಂದು ಭಾಷೆ ಆಡಿದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂದು ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಮಕ್ಕಳು ಎರಡು ಭಾಷೆಗಳನ್ನು ಒಟ್ಟಿಗೆ ಕಲಿಯಬಲ್ಲರು.

ಕಷ್ಟ ಎರಡು ಕಡೆ ಬರುತ್ತದೆ. ಒಂದು ದೇಹದ ಶಕ್ತಿ. ಅಂಬೆಗಾಲಿಡುವ ಮಗುವಿನ ಹಿಂದೆ ದಿನಕ್ಕೆ ಒಂಬತ್ತು-ಹತ್ತು ಗಂಟೆ ಓಡುವುದು ಮೂವತ್ತರ ಹರೆಯದವರಿಗೇ ಸುಸ್ತು. ಮಂಡಿನೋವು ಇರುವವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಗುವನ್ನು ಟಿವಿ ಮುಂದೆ ಕೂರಿಸುತ್ತಾರೆ, ಅಷ್ಟೇ. ಅದಕ್ಕೆ ಅವರನ್ನು ದೂರುವುದು ಅನ್ಯಾಯ. ಅರ್ಧ ದಿನ ಇನ್ನೊಬ್ಬರ ನೆರವು ಕೊಡಿಸಬೇಕಾದದ್ದು ನಮ್ಮ ಕೆಲಸ.

ಇನ್ನೊಂದು ಹಳೆಯ ಪದ್ಧತಿಗಳು. ಅವರ ಕಾಲದಲ್ಲಿ ಸರಿ ಎನಿಸಿದ್ದು ಈಗ ಬದಲಾಗಿದೆ. ಮಗುವನ್ನು ಬೋರಲು ಮಲಗಿಸಿ ಎಂದು ಹಲವು ದೇಶಗಳಲ್ಲಿ ವೈದ್ಯರೇ ಹೇಳುತ್ತಿದ್ದ ಕಾಲವಿತ್ತು. ಅಂಗಾತ ಮಲಗಿಸಿ ಎಂಬ ಪ್ರಚಾರ ಅಮೆರಿಕದಲ್ಲಿ 1994ರಲ್ಲಿ ಶುರುವಾಯಿತು. ಮುಂದಿನ ವರ್ಷಗಳಲ್ಲಿ ನಿದ್ದೆಯಲ್ಲೇ ಕೂಸು ಹಠಾತ್ತಾಗಿ ಸಾಯುವ ಪ್ರಕರಣಗಳು ಅಲ್ಲಿ ಸುಮಾರು ಅರ್ಧಕ್ಕೆ ಇಳಿದವು. ಒಂದು ವರ್ಷದೊಳಗಿನ ಕೂಸಿಗೆ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆ, ದಿಂಬು-ಗೊಂಬೆ-ದಪ್ಪ ಹೊದಿಕೆ ಇಲ್ಲ. ಒಂದು ವರ್ಷ ತುಂಬುವವರೆಗೆ ಜೇನು ಒಂದು ಹನಿಯೂ ಬೇಡ. ಅದರಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಇವನ್ನು "ನಿಮಗೆ ಗೊತ್ತಿಲ್ಲ" ಎಂಬ ದನಿಯಲ್ಲಿ ಹೇಳಿದರೆ ಜಗಳವಾಗುತ್ತದೆ. ಮಗುವಿನ ವೈದ್ಯರ ಬಳಿ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಕೇಳಲಿ. ಇದು ಕೆಲಸ ಮಾಡುತ್ತದೆ.

ಮನೆಗೆ ಬರುವ ನ್ಯಾನಿ

ಒಂದು ಮಗುವಿಗೆ ಒಬ್ಬರು. ಕೂಸಿನ ನಿದ್ದೆ, ಹಾಲು, ಆಟ ಎಲ್ಲ ಅದರದೇ ಲಯದಲ್ಲಿ ನಡೆಯುತ್ತದೆ. ಬೆಳಿಗ್ಗೆ ನಿದ್ದೆಯಿಂದ ಎಬ್ಬಿಸಿ, ಬಟ್ಟೆ ಹಾಕಿ, ಹೊರಗೆ ಹೊತ್ತುಕೊಂಡು ಓಡಬೇಕಾಗಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಅಥವಾ ಪದೇ ಪದೇ ಕಾಯಿಲೆ ಬೀಳುವ ಮಗುವಿಗೆ ಇದು ಒಳ್ಳೆಯದು.

ಆದರೆ ಎಲ್ಲವೂ ಒಬ್ಬರ ಮೇಲೆ ನಿಂತಿರುತ್ತದೆ. ಅವರಿಗೆ ಜ್ವರ ಬಂದರೆ ನಿಮ್ಮ ಕೆಲಸವೂ ನಿಂತಿತು. ಅವರು ಬಿಟ್ಟು ಹೋದರೆ ಮಗುವಿಗೆ ಒಂದು ಸಂಬಂಧವೇ ಕಡಿದಂತಾಗುತ್ತದೆ. ಜೊತೆಗೆ, ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತದೆ ಎಂದು ನೋಡುವ ಇನ್ನೊಬ್ಬ ದೊಡ್ಡವರು ಇರುವುದಿಲ್ಲ. ಡೇಕೇರ್‌ನಲ್ಲಿ ಒಬ್ಬರ ತಾಳ್ಮೆ ಕೆಟ್ಟರೆ ಇನ್ನೊಬ್ಬರು ಮಗುವನ್ನು ಎತ್ತಿಕೊಳ್ಳುತ್ತಾರೆ. ಇಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ಮೊದಲ ದಿನವೇ ಹೇಳಿಡಿ: ಮಗು ಅತ್ತು ಅತ್ತು ನಿಮಗೆ ಸಿಟ್ಟು ಬಂದರೆ ಅದನ್ನು ಸುರಕ್ಷಿತವಾಗಿ ತೊಟ್ಟಿಲಲ್ಲಿ ಮಲಗಿಸಿ, ಪಕ್ಕದ ಕೋಣೆಗೆ ಹೋಗಿ ಉಸಿರಾಡಿ, ನಮಗೆ ಫೋನ್ ಮಾಡಿ, ನಾವು ಬೈಯುವುದಿಲ್ಲ. ಕೂಸನ್ನು ಜೋರಾಗಿ ಅಲುಗಾಡಿಸಿದರೆ ಮಿದುಳಿಗೆ ಪೆಟ್ಟಾಗುತ್ತದೆ, ಜೀವವೇ ಹೋಗಬಹುದು. ಈ ಮಾತನ್ನು ಅಪ್ಪ-ಅಮ್ಮಂದಿರೂ ತಮಗೆ ತಾವೇ ಹೇಳಿಕೊಳ್ಳಬೇಕು.

ಆಯ್ಕೆ ಮಾಡುವಾಗ ಅನುಭವದ ವರ್ಷ ಕೇಳುತ್ತೇವೆ, ಹಿಂದಿನ ಮನೆಯವರಿಗೆ ಫೋನ್ ಮಾಡುತ್ತೇವೆ. ಎರಡೂ ಬೇಕು. ಅದಕ್ಕಿಂತ ಹೆಚ್ಚು ತಿಳಿಯುವುದು, ಒಂದು ಬೆಳಿಗ್ಗೆ ಅವರನ್ನು ಮಗುವಿನ ಜೊತೆ ಬಿಟ್ಟು ನೀವು ಅಲ್ಲೇ ಬೇರೆ ಕೆಲಸ ಮಾಡಿಕೊಂಡಿದ್ದಾಗ. ನೆಲದ ಮೇಲೆ ಕೂರುತ್ತಾರಾ? ಮಗು ಮುಖ ತಿರುಗಿಸಿದರೆ ಒತ್ತಾಯ ಮಾಡದೆ ಸ್ವಲ್ಪ ಕಾಯುತ್ತಾರಾ? ಎತ್ತಿಕೊಳ್ಳುವ ಮುಂಚೆ "ಎತ್ತಿಕೊಳ್ಳಲಾ?" ಅನ್ನುತ್ತಾರಾ? ಫೋನ್ ಎಷ್ಟು ಸಲ ಕೈಗೆ ಬಂತು? ಅಡುಗೆ, ಬಟ್ಟೆ, ಮನೆ ಒರೆಸುವುದು ಎಲ್ಲವನ್ನೂ ಅವರ ತಲೆಗೇ ಕಟ್ಟಿದರೆ ಮಗುವಿಗೆ ಸಿಗುವುದು ಉಳಿದ ಚೂರುಪಾರು ಗಮನ ಮಾತ್ರ. ಮಗು ನೋಡಿಕೊಳ್ಳುವುದೇ ಒಂದು ಪೂರ್ತಿ ಕೆಲಸ. ರಜೆ, ಸರಿಯಾದ ಸಂಬಳ, ಗೌರವ ಸಿಕ್ಕ ಕಡೆ ನ್ಯಾನಿಯರು ಉಳಿಯುತ್ತಾರೆ. ಅವರು ಉಳಿದರೆ ಅದರ ಲಾಭ ನೇರವಾಗಿ ಮಗುವಿಗೆ.

ಇನ್ನೊಬ್ಬರ ಮನೆಯಲ್ಲಿ, ನಾಲ್ಕೈದು ಮಕ್ಕಳ ಜೊತೆ

ಕೆಲವರು ತಮ್ಮ ಮನೆಯಲ್ಲೇ ಕೆಲವು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಒಂದರಿಂದ ಎರಡೂವರೆ ವರ್ಷದ ಮಕ್ಕಳಿಗೆ ಇದು ನನಗೆ ತುಂಬಾ ಇಷ್ಟವಾದ ಏರ್ಪಾಡು. ಮನೆಯ ವಾತಾವರಣ, ಒಂದೇ ಮುಖ, ನೋಡಿ ಕಲಿಯಲು ಒಂದೆರಡು ದೊಡ್ಡ ಮಕ್ಕಳು. ಅಲ್ಲಿ ಮಕ್ಕಳ ಸಂಖ್ಯೆ ಮೆಲ್ಲಗೆ ಹೆಚ್ಚುತ್ತಾ ಹೋಗುವುದನ್ನು ಮಾತ್ರ ಗಮನಿಸಿ. ನೀವು ಸೇರಿಸಿದಾಗ ನಾಲ್ಕು ಇದ್ದದ್ದು ವರ್ಷದ ಕೊನೆಗೆ ಎಂಟಾಗಿದ್ದರೆ ಅದು ಬೇರೆಯೇ ಏರ್ಪಾಡು. ನಿಮ್ಮ ಊರಿನಲ್ಲಿ ಇದಕ್ಕೆ ಪರವಾನಗಿ ಬೇಕು ಎಂದಿದ್ದರೆ ಅದನ್ನೂ ಕೇಳಿ ನೋಡಿ.

ಡೇಕೇರ್ ಕೇಂದ್ರ

ಬೆಲೆ, ದೂರ, ಸಮಯ ಇವನ್ನು ಎಲ್ಲರೂ ನೋಡುತ್ತಾರೆ. ಗೋಡೆಯ ಬಣ್ಣ, ಆಟಿಕೆ, ಕ್ಯಾಮೆರಾ ಕಣ್ಣಿಗೆ ಬೀಳುತ್ತವೆ. ನೀವು ಎಣಿಸಬೇಕಾದದ್ದು ತಲೆಗಳನ್ನು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸೇರಿ ರೂಪಿಸಿದ ಮಾನದಂಡದಲ್ಲಿ ಒಂದು ವರ್ಷದೊಳಗಿನ ಕೂಸುಗಳಿಗೆ ಮೂವರಿಗೆ ಒಬ್ಬರು, ಒಂದು ಗುಂಪಿನಲ್ಲಿ ಹೆಚ್ಚೆಂದರೆ 6 ಕೂಸು. ಒಂದರಿಂದ ಮೂರು ವರ್ಷದವರೆಗೆ ನಾಲ್ವರಿಗೆ ಒಬ್ಬರು, ಗುಂಪು 8. ಮೂರು ವರ್ಷದ ಮಕ್ಕಳಿಗೆ ಏಳಕ್ಕೆ ಒಬ್ಬರು, ಗುಂಪು 14. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಎಷ್ಟೋ ಕಡೆ ಇದಕ್ಕಿಂತ ಹೆಚ್ಚು ಮಕ್ಕಳಿಗೆ ಒಪ್ಪಿಗೆ ಇದೆ. ಆದರೂ ಈ ಸಂಖ್ಯೆ ಮನಸ್ಸಿನಲ್ಲಿರಲಿ. ಬೆಂಕಿ ಅವಘಡವಾದರೆ ಒಬ್ಬರು ಎಷ್ಟು ಕೂಸುಗಳನ್ನು ಎತ್ತಿಕೊಂಡು ಓಡಬಲ್ಲರು ಎಂದು ಯೋಚಿಸಿದರೆ ಮೂರು ಅನ್ನುವ ಸಂಖ್ಯೆ ಯಾಕೆ ಎಂದು ತಾನಾಗಿ ಗೊತ್ತಾಗುತ್ತದೆ.

ಎಣಿಸುವಾಗ ಒಂದು ಎಚ್ಚರ. ಅಡುಗೆಯವರು, ಸ್ವಾಗತದಲ್ಲಿ ಕೂತವರನ್ನೆಲ್ಲ ಸೇರಿಸಿ ಲೆಕ್ಕ ಹೇಳುವ ರೂಢಿ ಇದೆ. ಆ ಕೋಣೆಯಲ್ಲಿ, ಆ ಹೊತ್ತಿನಲ್ಲಿ ಮಕ್ಕಳ ಜೊತೆ ಇರುವವರನ್ನು ಮಾತ್ರ ಎಣಿಸಿ. ಸಂಜೆ ಕೊನೆಯ ಒಂದು ಗಂಟೆಯಲ್ಲಿ ಎಷ್ಟು ಜನ ಉಳಿದಿರುತ್ತಾರೆ ಅಂತಲೂ ಕೇಳಿ. ಮಕ್ಕಳು ದಣಿದು ಅಳುವ ಹೊತ್ತು ಅದೇ.

ಮುಂದಿನ ಪ್ರಶ್ನೆ: ನನ್ನ ಮಗುವಿಗೆ ಅಂತ ಒಬ್ಬರು ಗೊತ್ತಾಗಿರುತ್ತಾರಾ? ಒಳ್ಳೆಯ ಕೇಂದ್ರಗಳಲ್ಲಿ ಪ್ರತಿ ಮಗುವಿಗೂ ಒಬ್ಬರು ಮುಖ್ಯ ಆರೈಕೆದಾರರು ಇರುತ್ತಾರೆ. ಡಯಾಪರ್ ಬದಲಿಸುವುದು, ಉಣಿಸುವುದು, ಮಲಗಿಸುವುದು ಆದಷ್ಟೂ ಅವರೇ. ಎಮ್ಮಿ ಪಿಕ್ಲರ್ ಎಂಬ ಮಕ್ಕಳ ವೈದ್ಯೆ 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಒಂದು ಶಿಶುಗೃಹ ಶುರು ಮಾಡಿದರು. ಅಲ್ಲಿ ದಾದಿಯರು ಡಯಾಪರ್ ಬದಲಿಸುವುದನ್ನು ಬೇಗ ಮುಗಿಸುವ ಕೆಲಸವಾಗಿ ನೋಡುತ್ತಿರಲಿಲ್ಲ. "ಈಗ ಕಾಲು ಎತ್ತುತ್ತೇನೆ" ಎಂದು ಹೇಳಿ, ಮಗುವಿನ ಪ್ರತಿಕ್ರಿಯೆಗೆ ಕಾದು, ಮುಂದುವರಿಯುತ್ತಿದ್ದರು. ನೀವು ಕೇಂದ್ರ ನೋಡಲು ಹೋದಾಗ ಡಯಾಪರ್ ಬದಲಿಸುವ ಜಾಗದ ಬಳಿ ಸ್ವಲ್ಪ ನಿಲ್ಲಿ. ಮಗುವಿನ ಮುಖ ನೋಡುತ್ತಾರಾ, ಮುಗಿದ ಮೇಲೆ ಕೈ ತೊಳೆಯುತ್ತಾರಾ? ಕರಪತ್ರ ಓದಿ ಸಿಗದ ಮಾಹಿತಿ ಅಲ್ಲಿ ಐದು ನಿಮಿಷದಲ್ಲಿ ಸಿಗುತ್ತದೆ.

ಕಳೆದ ವರ್ಷ ಇದ್ದ ಸಿಬ್ಬಂದಿಯಲ್ಲಿ ಎಷ್ಟು ಜನ ಈಗಲೂ ಇದ್ದಾರೆ ಎಂದು ಕೇಳಲು ಸಂಕೋಚ ಬೇಡ. ಆಗಾಗ ಜನ ಬದಲಾಗುವ ಕಡೆ ಮಗು ಮತ್ತೆ ಮತ್ತೆ ಹೊಸಬರಿಗೆ ಒಗ್ಗಿಕೊಳ್ಳಬೇಕಾಗುತ್ತದೆ.

ಕಾಯಿಲೆಯ ವಿಷಯ ಮುಚ್ಚಿಡುವಂತಿಲ್ಲ. ಗುಂಪಿಗೆ ಸೇರಿದ ಮೊದಲ ವರ್ಷ ನೆಗಡಿ, ಕಿವಿನೋವು, ಭೇದಿ ಜಾಸ್ತಿ ಬರುತ್ತವೆ. ಮನೆಯಲ್ಲೇ ಬೆಳೆದ ಮಕ್ಕಳಿಗೆ ಇದೇ ಕಾಟ ಶಾಲೆ ಸೇರಿದಾಗ ಬರುವುದುಂಟು. ಮೊದಲ ತಿಂಗಳುಗಳಲ್ಲಿ ನಿಮ್ಮಲ್ಲಿ ಒಬ್ಬರಿಗಾದರೂ ದಿಢೀರ್ ರಜೆ ಸಿಗುವಂತಿರಬೇಕು. ಸಿಗುವುದೇ ಇಲ್ಲ ಎಂದಾದರೆ ಡೇಕೇರ್ ಜೊತೆಗೆ ಇನ್ನೊಬ್ಬರ ನೆರವನ್ನು ಈಗಲೇ ಗೊತ್ತು ಮಾಡಿಕೊಳ್ಳಿ.

"ಎರಡು ವರ್ಷಕ್ಕೇ ಅಕ್ಷರ ಕಲಿಸುತ್ತೇವೆ" ಅನ್ನುವ ಮಾತಿಗೆ ಮರುಳಾಗಬೇಡಿ. ಆ ವಯಸ್ಸಿನ ಮಗುವಿಗೆ ಬೇಕಾದದ್ದು ನೀರು ಸುರಿಯುವುದು, ಡಬ್ಬಿ ಜೋಡಿಸಿ ಬೀಳಿಸುವುದು, ಹತ್ತುವುದು, ಕಥೆ ಕೇಳುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ಕುರ್ಚಿಗೋ ಗಾಡಿಗೋ ಕಟ್ಟಿ ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಕೂರಿಸಬಾರದು. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕರವರೆಗೆ ಹೆಚ್ಚೆಂದರೆ ಒಂದು ಗಂಟೆ. ಕೇಂದ್ರದ ದಿನಚರಿಯನ್ನು ಇದರ ಪಕ್ಕ ಇಟ್ಟು ನೋಡಿ.

ವಯಸ್ಸಿನ ಲೆಕ್ಕದಲ್ಲಿ ನನ್ನ ಆಯ್ಕೆ

ಒಂದು ವರ್ಷದೊಳಗೆ ಒಬ್ಬ ನೆಚ್ಚಿನ ವ್ಯಕ್ತಿ, ಶಾಂತ ಜಾಗ. ಅಜ್ಜಿಯೋ, ನ್ಯಾನಿಯೋ, ಇಬ್ಬರೂ ಸೇರಿಯೋ. ಡೇಕೇರ್ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ ಕೂಸುಗಳಿಗೇ ಬೇರೆ ಕೋಣೆ ಇರುವ, ಮೂವರಿಗೆ ಒಬ್ಬರು ಇರುವ ಜಾಗ ಹುಡುಕಿ. ಸಿಕ್ಕರೆ ಅಪರಾಧಿ ಭಾವ ಬೇಡವೇ ಬೇಡ. ಕೂಸು ಅಪ್ಪ-ಅಮ್ಮನ ಜೊತೆಗೆ ಇನ್ನೂ ಒಂದಿಬ್ಬರನ್ನು ಗಟ್ಟಿಯಾಗಿ ಹಚ್ಚಿಕೊಳ್ಳಬಲ್ಲದು. ಹೊಸಬರನ್ನು ಹಚ್ಚಿಕೊಂಡ ಮಾತ್ರಕ್ಕೆ ಹಳಬರ ಮೇಲಿನ ಪ್ರೀತಿ ಕಡಿಮೆ ಆಗುವುದಿಲ್ಲ.

ಶುರು ಮಾಡುವ ತಿಂಗಳೂ ಮುಖ್ಯ. ಸುಮಾರು ಎಂಟನೇ ತಿಂಗಳಿನಿಂದ, ಕಣ್ಣಿಗೆ ಕಾಣದ ಅಮ್ಮ ಎಲ್ಲೋ ಇದ್ದಾಳೆ ಎಂದು ಮಗುವಿಗೆ ಗೊತ್ತಾಗತೊಡಗುತ್ತದೆ. ಯಾವಾಗ ಬರುತ್ತಾಳೆ ಎಂದು ಗೊತ್ತಿರುವುದಿಲ್ಲ. ಅಗಲಿಕೆಯ ಅಳು ಜೋರಾಗುವುದು ಆಗಲೇ, ಒಂದೂವರೆ ವರ್ಷದವರೆಗೂ ಅದು ಇರಬಹುದು. ಸಾಧ್ಯವಾದರೆ ಹೊಸ ಏರ್ಪಾಡನ್ನು ಆರನೇ ತಿಂಗಳ ಸುಮಾರಿಗೆ ಶುರು ಮಾಡಿ. ಆಗಲಿಲ್ಲವೆಂದರೆ ಹೊಂದಿಕೊಳ್ಳಲು ಎರಡರಷ್ಟು ಸಮಯ ಕೊಡಿ.

ಒಂದರಿಂದ ಎರಡೂವರೆಯವರೆಗೆ ಸಣ್ಣ ಗುಂಪು ಸಾಕು. ಈ ವಯಸ್ಸಿನಲ್ಲಿ ಮಕ್ಕಳು ಜೊತೆಯಾಗಿ ಆಡುವುದಕ್ಕಿಂತ ಪಕ್ಕಪಕ್ಕದಲ್ಲಿ ತಮ್ಮ ತಮ್ಮ ಆಟ ಆಡುವುದೇ ಜಾಸ್ತಿ. ಮಕ್ಕಳ ಆಟವನ್ನು ಅಧ್ಯಯನ ಮಾಡಿದ ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲೇ ಇದನ್ನು ವಿವರವಾಗಿ ಬರೆದಿದ್ದರು. "ಬೆರೆಯುವುದನ್ನು ಕಲಿಯಲಿ" ಎಂಬ ಒಂದೇ ಕಾರಣಕ್ಕೆ ಒಂದು ವರ್ಷದ ಮಗುವನ್ನು ಇಪ್ಪತ್ತು ಮಕ್ಕಳ ನಡುವೆ ಬಿಡುವ ಅಗತ್ಯ ಇಲ್ಲ.

ಮೂರು ತುಂಬಿದ ಮೇಲೆ ಲೆಕ್ಕ ತಿರುಗುತ್ತದೆ. ಪಾತ್ರ ಹಂಚಿಕೊಂಡು ಆಡುವುದು, ಸರದಿ ಕಾಯುವುದು, ಜಗಳವಾಡಿ ರಾಜಿಯಾಗುವುದು ಒಬ್ಬ ಅಜ್ಜಿಯ ಜೊತೆ ಪೂರ್ತಿ ಸಿಗುವುದಿಲ್ಲ. ದಿನಕ್ಕೆ ಮೂರು-ನಾಲ್ಕು ಗಂಟೆ ಒಳ್ಳೆಯ ಗುಂಪು, ಉಳಿದ ಹೊತ್ತು ಮನೆ. ಇಂಥ ಬೆರಕೆ ಏರ್ಪಾಡು ಹೆಚ್ಚಿನ ಮಕ್ಕಳಿಗೆ ಹಿಡಿಸುತ್ತದೆ ಅನ್ನುವುದು ನನ್ನ ನಂಬಿಕೆ. ಬೆರಕೆಯಲ್ಲಿ ದಿನಕ್ಕೆ ಮೂರು-ನಾಲ್ಕು ಕೈ ಬದಲಾಗದಂತೆ ನೋಡಿಕೊಳ್ಳಿ.

ಒಂದು ಸಂಜೆಗೆ ಬೇಬಿಸಿಟ್ಟರ್

ಇದು ದಿನನಿತ್ಯದ ಆರೈಕೆಗಿಂತ ಬೇರೆ. ಎರಡು-ಮೂರು ಗಂಟೆ ಮಗುವನ್ನು ಸುರಕ್ಷಿತವಾಗಿ, ಖುಷಿಯಾಗಿ ಇಡುವುದು ಅವರ ಕೆಲಸ. ಇಲ್ಲಿ ಪ್ರಥಮ ಚಿಕಿತ್ಸೆ ಗೊತ್ತಿರುವುದು ಎಲ್ಲಕ್ಕಿಂತ ಮುಖ್ಯ: ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು, ಉಸಿರು ನಿಂತರೆ ಏನು ಮಾಡಬೇಕು. ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು. ಬಕೆಟ್‌ನಲ್ಲಿ ಕೆಲವೇ ಸೆಂಟಿಮೀಟರ್ ನೀರಿದ್ದರೂ ಮಗು ಮುಳುಗಬಹುದು. ನಿಮ್ಮ ನಂಬರ್, ಹತ್ತಿರದ ಇನ್ನೊಬ್ಬರ ನಂಬರ್, ಮನೆಯ ಪೂರ್ತಿ ವಿಳಾಸ ಒಂದು ಹಾಳೆಯಲ್ಲಿ ಬರೆದು ಕಣ್ಣಿಗೆ ಕಾಣುವಂತೆ ಅಂಟಿಸಿ. ಗಾಬರಿಯಲ್ಲಿ ವಿಳಾಸ ಬಾಯಿಗೆ ಬರುವುದಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಕಾಯುವಂತಿಲ್ಲ, ತಕ್ಷಣ ವೈದ್ಯರ ಬಳಿ ಹೋಗಬೇಕು ಅನ್ನುವುದೂ ಆ ಹಾಳೆಯಲ್ಲಿ ಇರಲಿ.

ಆಯ್ಕೆ ಮಾಡಿದ ಮೇಲೆ

ಮೊದಲ ದಿನಗಳಲ್ಲಿ ನೀವೂ ಜೊತೆಗಿರಿ. ಆಮೇಲೆ ಅರ್ಧ ಗಂಟೆ ಹೊರಗೆ ಹೋಗಿ ಬನ್ನಿ, ನಂತರ ಎರಡು ಗಂಟೆ. ಕದ್ದು ಹೋಗಬೇಡಿ. "ಹೋಗಿ ಬರ್ತೀನಿ, ನಿದ್ದೆ ಆದ ಮೇಲೆ ಬರ್ತೀನಿ" ಎಂದು ಹೇಳಿ, ಮುದ್ದು ಮಾಡಿ, ಹೊರಡಿ. ಮಗು ಅತ್ತರೂ ಹಾಗೇ. ಹೇಳದೆ ಮಾಯವಾದರೆ ಅದು ಯಾವ ಹೊತ್ತಿನಲ್ಲೂ ನಿಮ್ಮನ್ನು ಬಿಡದೆ ಅಂಟಿಕೊಳ್ಳತೊಡಗುತ್ತದೆ.

ಬಿಡುವಾಗ ಅಳುವುದು ಕೆಟ್ಟ ಸೂಚನೆ ಅಲ್ಲ. ನೀವು ಹೋದ ಮೇಲೆ ನೋಡಿಕೊಳ್ಳುವವರ ತೋಳಲ್ಲಿ ಸಮಾಧಾನ ಆಗುತ್ತದಾ ಅನ್ನುವುದನ್ನು ಕೇಳಿ. ಒಂದೆರಡು ತಿಂಗಳಾದರೂ ಅವರ ಹತ್ತಿರ ಹೋಗಲು ಮಗು ಮೈ ಬಿಗಿ ಹಿಡಿಯುವುದು, ಕಲಿತಿದ್ದ ಮಾತು ನಿಲ್ಲಿಸುವುದು, ಕಾರಣ ತಿಳಿಯದ ಗಾಯ, ಹೇಳದೆ ಹೋದಾಗ ಒಳಗೆ ಬಿಡಲು ಹಿಂಜರಿಯುವ ಕೇಂದ್ರ: ಇವುಗಳಲ್ಲಿ ಯಾವುದೇ ಕಂಡರೂ ತಡ ಮಾಡದೆ ವಿಚಾರಿಸಿ. ಕೇಂದ್ರದವರ ಉತ್ತರ ಒಪ್ಪಿಗೆಯಾಗದಿದ್ದರೆ ಕಟ್ಟಿದ ಹಣ ಹೋಗುತ್ತದೆ ಎಂದು ಕಾಯಬೇಡಿ. ಕಲಿತ ಮಾತು ಕಳೆದುಹೋಗುತ್ತಿದ್ದರೆ ಏರ್ಪಾಡು ಬದಲಿಸುವುದರ ಜೊತೆಗೆ ವೈದ್ಯರಿಗೂ ತೋರಿಸಬೇಕು.

ಸಂಜೆ ಮಗುವನ್ನು ಕರೆದುಕೊಳ್ಳುವಾಗ "ಊಟ ಮಾಡಿತಾ, ಮಲಗಿತಾ" ಎಂದು ಕೇಳುತ್ತೇವೆ. ಜೊತೆಗೆ "ಇವತ್ತು ಏನು ನೋಡಿ ನಕ್ಕಿತು?" ಎಂದೂ ಕೇಳಿ ನೋಡಿ. ಮಗುವನ್ನು ನಿಜವಾಗಿ ನೋಡುತ್ತಿರುವವರ ಬಳಿ ಅದಕ್ಕೆ ತಕ್ಷಣ ಉತ್ತರ ಇರುತ್ತದೆ. ವಾರಗಟ್ಟಲೆ "ಎಲ್ಲಾ ಚೆನ್ನಾಗಿತ್ತು" ಎಂಬ ಒಂದೇ ಮಾತು ಬರುತ್ತಿದ್ದರೆ, ಒಂದು ದಿನ ಬೇಗ ಹೋಗಿ ಅಲ್ಲೇ ಅರ್ಧ ಗಂಟೆ ಕೂತು ನೋಡಿ.